ಲಾಗ್ ಓದುವ ಕೆಲಸ

ಊರಿಗೆ ಬಂದಾಗಲೆಲ್ಲ, ‘ಹುಬ್ಬಳ್ಳಿಯಲ್ಲಿ ಏನು ಕೆಲಸ ಮಾಡುತ್ತೀ?’ ಎಂದು ಜನ ಕೇಳುತ್ತಾರೆ. ಸಾಫ್ಟ್‌ವೇರ್ ಸಪೋರ್ಟ್ ಎಂದರೆ ಅರ್ಧ ಜನರಿಗೆ ತಿಳಿಯುವುದಿಲ್ಲ. ಅಮ್ಮಿ ಮಾತ್ರ, ‘ಕಂಪ್ಯೂಟರಿಗೆ ಜ್ವರ ಬಂದರೆ ಇವಳು ನಾಡಿ ನೋಡುತ್ತಾಳೆ’ ಎಂದು ಹೇಳಿಬಿಡುತ್ತಾರೆ. ಅಷ್ಟು ದೊಡ್ಡ ಮಾತು ಬೇಡ. ನನ್ನದು ಓದುವ ಕೆಲಸ. ದಿನದ ಹೆಚ್ಚಿನ ಹೊತ್ತು ನಾನು ಲಾಗ್ ಓದುತ್ತೇನೆ. ಇದೇ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡು ಪಿಯುಸಿ ಮುಗಿಸಿದವಳು ನಾನು. ‘ನಿನ್ನ ಕೆಲಸದ ಬಗ್ಗೆ ನಮ್ಮ ಮಕ್ಕಳಿಗೆ ನಾಲ್ಕು ಮಾತು ಬರೆದುಕೊಡಮ್ಮ’ ಎಂದು ಸರ್ ಹೇಳಿದಾಗ, ಲಾಗ್ ಬಿಟ್ಟು ಬೇರೆ ಏನು ಬರೆಯಲಿ ಎನಿಸಿತು.

ಲಾಗ್ ಎಂದರೆ ಮರದ ತುಂಡು. ಹಿಂದೆ ಹಡಗಿನವರು ಹಗ್ಗ ಕಟ್ಟಿದ ಮರದ ತುಂಡೊಂದನ್ನು ನೀರಿಗೆ ಎಸೆಯುತ್ತಿದ್ದರು. ಆ ಹಗ್ಗಕ್ಕೆ ಸಮ ಅಂತರದಲ್ಲಿ ಗಂಟು ಹಾಕಿರುತ್ತಿದ್ದರು. ಇಂತಿಷ್ಟು ಹೊತ್ತಿನಲ್ಲಿ ಎಷ್ಟು ಗಂಟು ಕೈಯಿಂದ ಜಾರಿ ಹೋದವು ಎಂದು ಎಣಿಸಿ ಹಡಗಿನ ವೇಗ ತಿಳಿಯುತ್ತಿದ್ದರು, ಅದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕಕ್ಕೆ ಲಾಗ್ ಬುಕ್ ಎಂದು ಹೆಸರಾಯಿತು. ಹಡಗಿನ ವೇಗವನ್ನು ಇಂದಿಗೂ ‘ನಾಟ್’ ಅಂದರೆ ಗಂಟು ಎಂದೇ ಹೇಳುತ್ತಾರೆ. ಈಗ ಸಾಫ್ಟ್‌ವೇರ್ ತಾನು ಮಾಡಿದ ಕೆಲಸವನ್ನು ಸಾಲು ಸಾಲಾಗಿ ಒಂದು ಕಡತದಲ್ಲಿ ಬರೆಯುತ್ತ ಹೋಗುತ್ತದೆ. ಯಾವ ಹೊತ್ತಿನಲ್ಲಿ, ಯಾವ ಭಾಗ, ಏನು ಮಾಡಿತು, ಅದು ಎಷ್ಟು ಗಂಭೀರ. ಒಂದು ಸಾಲಿನಲ್ಲಿ ಸಾಮಾನ್ಯವಾಗಿ ಇಷ್ಟು ಇರುತ್ತದೆ.

ನಾವು ಪಿಯುಸಿಯಲ್ಲಿ ಸಿ ಪ್ಲಸ್ ಪ್ಲಸ್ ಕಲಿತವರು, ನೀವು ಪೈಥಾನ್ ಕಲಿಯುತ್ತಿದ್ದೀರಿ. ಪೈಥಾನಿನಲ್ಲಿ ಲಾಗಿಂಗ್ ಎಂಬ ಮಾಡ್ಯೂಲ್ ಮೊದಲೇ ಇದೆ, ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದರಲ್ಲಿ ಡಿಬಗ್, ಇನ್ಫೋ, ವಾರ್ನಿಂಗ್, ಎರರ್, ಕ್ರಿಟಿಕಲ್ ಎಂದು ಐದು ಮಟ್ಟಗಳಿವೆ. ಪ್ರೋಗ್ರಾಂ ಎಲ್ಲಿ ತಪ್ಪುತ್ತಿದೆ ಎಂದು ನೋಡಲು ನೀವು ಅಲ್ಲಲ್ಲಿ ಪ್ರಿಂಟ್ ಹಾಕುತ್ತೀರಲ್ಲ, ಲಾಗ್ ಎಂದರೆ ಅದೇ. ಆದರೆ ಪ್ರಿಂಟ್ ಪರದೆಯ ಮೇಲೆ ಬಂದು ಹೋಗುತ್ತದೆ, ಲಾಗ್ ತಾರೀಖಿನ ಸಮೇತ ಉಳಿಯುತ್ತದೆ.

ಹೊಸಬರು ಲಾಗ್ ತೆರೆದ ಕೂಡಲೇ ‘ಎರರ್’ ಎಂಬ ಪದ ಹುಡುಕುತ್ತಾರೆ. ಸಿಕ್ಕ ಸಾಲನ್ನು ತಂದು, ಇಗೋ ಕಾರಣ ಎಂದು ತೋರಿಸುತ್ತಾರೆ. ಅದು ಬಹುತೇಕ ಕಾರಣವಾಗಿರುವುದಿಲ್ಲ. ನಮ್ಮ ಅಬ್ಬಾ ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸಿದವರು. ಸೀರೆಯಲ್ಲಿ ಎಲ್ಲಾದರೂ ದೋಷ ಕಂಡರೆ ಅವರು ಅಲ್ಲೇ ಕೈ ಇಡುತ್ತಿರಲಿಲ್ಲ. ಬಟ್ಟೆಯ ಮೇಲೆ ಬೆರಳಾಡಿಸುತ್ತ ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗಿ, ಎಳೆ ಮೊದಲು ಎಲ್ಲಿ ಸಡಿಲಾಯಿತು ಎಂದು ನೋಡುತ್ತಿದ್ದರು. ಕಣ್ಣಿಗೆ ಕಾಣುವ ದೋಷ ಒಂದು ಕಡೆ, ಅದು ಶುರುವಾದ ಜಾಗ ಇನ್ನೊಂದು ಕಡೆ. ಲಾಗಿನಲ್ಲೂ ಎರರ್ ಸಾಲು ಸಿಕ್ಕ ಮೇಲೆ ಮೇಲಕ್ಕೆ ಓದುತ್ತ ಹೋಗಬೇಕು. ನನಗೆ ಈ ಪಾಠವನ್ನು ಆಫೀಸಿನಲ್ಲಿ ಯಾರೂ ಹೇಳಿಕೊಡಬೇಕಾಗಲಿಲ್ಲ.

ದೋಷಕ್ಕೆ ‘ಬಗ್’ ಅಂದರೆ ಹುಳ ಎಂಬ ಹೆಸರು ಬಂದ ಕಥೆಯನ್ನು ನೀವು ಕೇಳಿರಬಹುದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಯಂತ್ರದ ರಿಲೇಯಲ್ಲಿ 1947ರ ಸೆಪ್ಟೆಂಬರ್ 9ರಂದು ನಿಜವಾದ ಪತಂಗವೊಂದು ಸಿಕ್ಕಿಕೊಂಡಿತ್ತು. ಹುಳ ಎಂಬ ಮಾತು ಎಂಜಿನಿಯರುಗಳ ಬಾಯಲ್ಲಿ ಅದಕ್ಕೂ ಮೊದಲೇ ಇತ್ತು, ಥಾಮಸ್ ಎಡಿಸನ್ ಕೂಡ ಬಳಸಿದ್ದರು. ಕಥೆ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ. ನನಗೆ ಇಷ್ಟವಾಗುವುದು ಬೇರೆ ಸಂಗತಿ: ಆ ಯಂತ್ರದವರು ಪತಂಗವನ್ನು ಹೊರಗೆ ಎಸೆಯಲಿಲ್ಲ. ಲಾಗ್ ಪುಸ್ತಕದ ಪುಟಕ್ಕೆ ಟೇಪಿನಿಂದ ಅಂಟಿಸಿ, ಪಕ್ಕದಲ್ಲಿ ಹೊತ್ತು ಬರೆದಿಟ್ಟರು. ಹಾಗೆ ಬರೆದಿಟ್ಟಿದ್ದರಿಂದಲೇ ಆ ಪುಟ ಇಂದಿಗೂ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಹೇಳುತ್ತೇನೆ. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಮತ್ತೆ ಮತ್ತೆ ಕುಸಿದು ಬಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಗಳಿಗೆ ಬಂದ ಜನ ‘ಸರ್ವರ್ ಡೌನ್’ ಎಂಬ ಮಾತು ಕೇಳಿ ವಾಪಸು ಹೋಗುತ್ತಿದ್ದರು. ಅದು ಸರ್ವರ್ ತಾನಾಗಿ ಸೋತದ್ದಲ್ಲ, ಬೇಕೆಂದೇ ಮಾಡಿದ ದಾಳಿ ಎಂದು ಆಮೇಲೆ ಪತ್ರಿಕೆಗಳಲ್ಲಿ ಬಂತು. ಋಣಭಾರ ಪತ್ರ ಹುಡುಕುವ ಕೋರಿಕೆಗಳು ಎಂದಿಗಿಂತ ಎಂಟು ಪಟ್ಟು ಏರಿದ್ದವು. ಹಿಂದೆ ಹೋಗಿ ನೋಡಿದರೆ 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳು. ಯೋಚಿಸಿ, ರಾಜ್ಯದ ಅಷ್ಟೂ ಜನ ಬಳಸುವ ತಂತ್ರಾಂಶದಲ್ಲಿ ಈ 62 ಖಾತೆಗಳನ್ನು ಹೆಕ್ಕಿ ತೆಗೆಯುವುದು ಹೇಗೆ? ಯಾರು ಯಾವ ಹೊತ್ತಿಗೆ ಬಂದರು, ಏನು ಕೇಳಿದರು ಎಂದು ಯಂತ್ರ ಬರೆದಿಟ್ಟಿದ್ದರೆ ಮಾತ್ರ ಅದು ಸಾಧ್ಯ. ಕಿಟಕಿಯ ಆಚೆ ಕೂತ ಗುಮಾಸ್ತರನ್ನು ಬೈದವರಿಗೆ ಇದು ಗೊತ್ತಿರಲಿಲ್ಲ. ಗುಮಾಸ್ತರಿಗೂ ಗೊತ್ತಿರಲಿಲ್ಲ ಎನ್ನಿ.

ಲಾಗಿನಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಹೊತ್ತು. ಅನೇಕ ಸರ್ವರುಗಳು ಭಾರತದ ಹೊತ್ತನ್ನು ಬರೆಯುವುದಿಲ್ಲ, ಯುಟಿಸಿ ಎಂಬ ಜಾಗತಿಕ ಹೊತ್ತನ್ನು ಬರೆಯುತ್ತವೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದಿದ್ದೇವೆ. ಗ್ರಾಹಕರು ಮಧ್ಯಾಹ್ನ 3:10ಕ್ಕೆ ತೊಂದರೆಯಾಯಿತು ಎಂದರೆ ನಾನು ಲಾಗಿನಲ್ಲಿ ಬೆಳಿಗ್ಗೆ 9:40 ನೋಡಬೇಕು. ಯಂತ್ರ ಬರೆಯುವುದು ತಾನು ನಂಬಿದ ಹೊತ್ತನ್ನು. ಅದರ ಗಡಿಯಾರವೇ ತಪ್ಪಿದ್ದರೆ ಅದು ಪ್ರಾಮಾಣಿಕವಾಗಿಯೇ ತಪ್ಪು ಬರೆಯುತ್ತದೆ. ಇದು ನೆನಪಿರಲಿ, ಏಕೆಂದರೆ ಈಗ ಹೇಳಲಿರುವ ನಮ್ಮ ಮನೆಯ ಸಂಗತಿ ನಿಂತಿರುವುದೇ ಇದರ ಮೇಲೆ.

ಬೀಳಗಿಯಲ್ಲಿ ನಮ್ಮ ಖಾಲಾ ಇದ್ದಾರೆ. ಅವರ ಹಿರಿಯ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು, ಬಿ.ಕಾಂ. ಮುಗಿಸಿ ರಬಕವಿಯಲ್ಲಿ ಕೋಣೆ ಮಾಡಿಕೊಂಡು ಸೀರೆಯ ಸಗಟು ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಬಿಲ್ ಮಾಡುವುದು, ಗೋದಾಮಿನಿಂದ ಮಾಲು ತೆಗೆದುಕೊಡುವುದು, ಎರಡೂ ಅವನದೇ. ಹೆಚ್ಚಿನ ವ್ಯಾಪಾರ ಉದ್ರಿ. ಮುಧೋಳ, ತೇರದಾಳ, ಮಹಾಲಿಂಗಪುರದ ಅಂಗಡಿಯವರು ಬಂದು ಮಾಲು ಒಯ್ಯುತ್ತಾರೆ, ತಿಂಗಳಿಗೋ ಎರಡು ತಿಂಗಳಿಗೋ ದುಡ್ಡು ಕೊಡುತ್ತಾರೆ. ಒಂದು ತಿಂಗಳ ಕೊನೆಗೆ ಸಾವ್ಕಾರರು ಗೋದಾಮು ಎಣಿಸಿದರು. ಕಂಪ್ಯೂಟರಿನ ತಿಂಗಳ ರಿಪೋರ್ಟಿನ ಪ್ರಕಾರ ಇರಬೇಕಾದದ್ದಕ್ಕಿಂತ 38 ಸೀರೆ ಕಡಿಮೆ. ಎರಡನೇ ಸಲ ಎಣಿಸಿದರು, ಅಷ್ಟೇ. ಗೋದಾಮಿನ ಕೀಲಿ ಇದ್ದದ್ದು ಇಬ್ಬರ ಕೈಯಲ್ಲಿ, ಸಾವ್ಕಾರರು ಮತ್ತು ಅವನು.

ಅವನನ್ನು ಯಾರೂ ಕಳ್ಳ ಎಂದು ಬಾಯಿಬಿಟ್ಟು ಅನ್ನಲಿಲ್ಲ. ‘ಸ್ವಲ್ಪ ದಿನ ಊರಿಗೆ ಹೋಗಿ ಬಾ’ ಎಂದರು. ನಮ್ಮ ಕಡೆ ಇದರ ಅರ್ಥ ಎಲ್ಲರಿಗೂ ಗೊತ್ತು. ಬೀಳಗಿಯಂಥ ಊರಿನಲ್ಲಿ ಕೆಲಸದ ಹುಡುಗ ವಾರದ ನಡುವೆ ಮನೆಯಲ್ಲಿ ಕಂಡರೆ ನಾಲ್ಕು ಜನ ಕೇಳುತ್ತಾರೆ. ಅವನ ತಂಗಿಗೆ ಸಂಬಂಧ ನೋಡುತ್ತಿದ್ದ ಕಾಲ ಬೇರೆ. ಖಾಲಾ ಫೋನಿನಲ್ಲಿ ಅಮ್ಮಿಯ ಹತ್ತಿರ ಅತ್ತರು. ನಾನು ಬಕ್ರೀದ್ ರಜೆಗೆ ಬನಹಟ್ಟಿಗೆ ಬಂದಿದ್ದೆ.

ಅಬ್ಬಾ ಆ ಸಾವ್ಕಾರರಿಗೆ ಹತ್ತಾರು ವರ್ಷ ಸೀರೆ ನೇಯ್ದು ಕೊಟ್ಟವರು. ಹಬ್ಬದ ಮರುದಿನ ನನ್ನನ್ನು ಕರೆದುಕೊಂಡು ಹೋದರು. ಸಾವ್ಕಾರರು ಕೆಟ್ಟವರಲ್ಲ. ನಮಗೆ ಚಹಾ ತರಿಸಿದರು.

‘ನೋಡವಾ ತಂಗಿ, ಹುಡುಗ ಚಲೋನ ಅದಾನ. ಆದ್ರ 38 ಸೀರಿ ಎಲ್ಲಿ ಹೋದವು? ರಿಪೋರ್ಟನ್ಯಾಗ ಇಲ್ಲ, ಗೋದಾಮಿನ್ಯಾಗೂ ಇಲ್ಲ. ನಾನರ ಏನ್ ತಿಳಕೋಬೇಕು?’

‘ಒಂದ್ ಸಲ ಕಂಪ್ಯೂಟರ್ ನೋಡ್ಲಿ ಬಿಡ್ರಿ ಸಾವ್ಕಾರ್ರ,’ ಎಂದರು ಅಬ್ಬಾ. ‘ನೋಡಿದ್ರ ನಿಮ್ದೇನ್ ಹೋಗ್ತೈತಿ?’

ಬಿಲ್ಲಿನ ಸಾಫ್ಟ್‌ವೇರ್ ಯಾರೋ ಸ್ಥಳೀಯರು ಮಾಡಿಕೊಟ್ಟದ್ದು. ಅದರ ಫೋಲ್ಡರಿನೊಳಗೆ ‘ಲಾಗ್’ ಎಂಬ ಇನ್ನೊಂದು ಫೋಲ್ಡರ್ ಇತ್ತು. ಸಾವ್ಕಾರರು ಅದನ್ನು ಎಂದೂ ತೆರೆದು ನೋಡಿರಲಿಲ್ಲ. ದಿನಕ್ಕೊಂದು ಕಡತ, ತಾರೀಖೇ ಅದರ ಹೆಸರು. ಅಂಗಡಿಯವರು ಆ ಕಂಪ್ಯೂಟರನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದು 2017ರಲ್ಲಿ. ಕಡತಗಳೂ 2017ರಿಂದ ಶುರುವಾಗಬೇಕು. ಆದರೆ ಪಟ್ಟಿಯ ತಲೆಯ ಮೇಲೆ 2012ರ ಜನವರಿ 1ರ ಹೆಸರಿನ ಕಡತವೊಂದು ಕೂತಿತ್ತು. ಉಳಿದ ಎಲ್ಲ ಕಡತಗಳಿಗಿಂತ ಅದೇ ದಪ್ಪ.

ಕಂಪ್ಯೂಟರ್ ಅಂಗಡಿಗೆ ಬರುವ ಐದು ವರ್ಷ ಮೊದಲು ಈ ಅಂಗಡಿಯ ಬಿಲ್ ಆದದ್ದು ಹೇಗೆ?

ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಷ್ಟು ಗಾತ್ರದ ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದು. ಅದು ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ಯಂತ್ರ ತಾನು ಹುಟ್ಟಿದ ಕಾಲದ ಯಾವುದೋ ತಾರೀಖಿಗೆ ಹಿಂದಿರುಗುತ್ತದೆ. ಈ ಯಂತ್ರದ ಆ ತಾರೀಖು 2012ರ ಜನವರಿ 1, ರಾತ್ರಿ ಹನ್ನೆರಡು. ಅಂಗಡಿಯ ಇನ್ವರ್ಟರ್ ಇದ್ದದ್ದು ಫ್ಯಾನು, ಲೈಟುಗಳಿಗೆ ಮಾತ್ರ. ಕಂಪ್ಯೂಟರಿನ ಯುಪಿಎಸ್ ಕೆಟ್ಟು ಮೇಜಿನ ಕೆಳಗೆ ಕಾಲಿಡುವ ಮಣೆಯಾಗಿತ್ತು.

ಆ ದಪ್ಪ ಕಡತವನ್ನು ಮೇಲಿನಿಂದ ಓದಿದೆ. ಹೊತ್ತು 00:01ರಿಂದ ಶುರುವಾಗಿ 00:06ಕ್ಕೆ ನಿಲ್ಲುತ್ತದೆ, ಮತ್ತೆ 00:01 ಆಗುತ್ತದೆ. ಮತ್ತೆ, ಮತ್ತೆ. ಒಂದೊಂದು 00:01 ಕೂಡ ಕರೆಂಟ್ ಹೋಗಿ ಬಂದ ಒಂದೊಂದು ಸಲ. ಹೆಚ್ಚಿನವು ಬೆಳಗಿನವು, ಎರಡೋ ಮೂರೋ ಸಾಲು ಅಷ್ಟೇ. ರಾತ್ರಿ ಅಂಗಡಿ ಮುಚ್ಚುವಾಗ ಬೋರ್ಡಿನ ಸ್ವಿಚ್ ಆರಿಸಿ ಹೋಗುತ್ತಿದ್ದರು. ಬೆಳಿಗ್ಗೆ ತಾರೀಖು ತಪ್ಪಿದ್ದರೆ ವಾಟ್ಸಾಪ್ ವೆಬ್ ತೆರೆಯುವುದಿಲ್ಲ. ಹಾಗಾಗಿ ನಮ್ಮ ಭಾಯಿ ಕಸ ಹೊಡೆದ ಹಾಗೆ ದಿನಾ ತಾರೀಖನ್ನೂ ಸರಿ ಮಾಡಿ ಕೂರುತ್ತಿದ್ದ. ‘ಕಂಪ್ಯೂಟರ್ ತಾರೀಖು ಮರೀತೈತ್ರೀ’ ಎಂದು ಸಾವ್ಕಾರರಿಗೆ ಹೇಳಿಯೂ ಇದ್ದನಂತೆ. ಅದನ್ನೂ ಸೀರೆಯ ಲೆಕ್ಕವನ್ನೂ ಜೋಡಿಸಿ ನೋಡಲು ಯಾರಿಗೂ ಹೊಳೆದಿರಲಿಲ್ಲ.

ತೊಂದರೆ ಇದ್ದದ್ದು ಮಧ್ಯಾಹ್ನದ ಸಾಲುಗಳಲ್ಲಿ. ಎದುರಿಗೆ ಗಿರಾಕಿ ಟೆಂಪೋ ನಿಲ್ಲಿಸಿಕೊಂಡು ಕಾಯುತ್ತಿರುವಾಗ ಕರೆಂಟ್ ಹೋಗಿ ಬರುತ್ತದೆ. ಸಾಫ್ಟ್‌ವೇರ್ ತಾನಾಗಿ ತೆರೆದುಕೊಳ್ಳುತ್ತದೆ. ಅವನು ಬಿಲ್ ಮಾಡಿಬಿಡುತ್ತಾನೆ. ಬಿಲ್ 2012ರ ಲೆಕ್ಕಕ್ಕೆ ಹೋಗಿ ಬೀಳುತ್ತದೆ. ತಿಂಗಳ ರಿಪೋರ್ಟ್ ಕೇಳಿದಾಗ ಸಾಫ್ಟ್‌ವೇರ್ ಈ ತಿಂಗಳ 1ರಿಂದ 30ರವರೆಗಿನ ಬಿಲ್ಲುಗಳನ್ನು ಮಾತ್ರ ಕೂಡಿಸಿ ಕೊಡುತ್ತದೆ. ಅದು ತಪ್ಪು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿತು.

ಇಷ್ಟು ಹೊಳೆದ ಮೇಲೂ ಇದು ನನ್ನ ಊಹೆಯೇ. ಸಾವ್ಕಾರರ ಮುಂದೆ ಊಹೆ ನಿಲ್ಲುವುದಿಲ್ಲ. ಹೊತ್ತನ್ನು ನಂಬುವ ಹಾಗಿಲ್ಲ, ಆದ್ದರಿಂದ ಹೊತ್ತು ಬಿಟ್ಟು ಬೇರೆ ಏನು ಉಳಿದಿದೆ ಎಂದು ನೋಡಿದೆ. ಬಿಲ್ ನಂಬರ್ ಉಳಿದಿತ್ತು. ಗಡಿಯಾರ ಹಿಂದೆ ಹೋದರೂ ಬಿಲ್ ನಂಬರ್ ಹಿಂದೆ ಹೋಗುವುದಿಲ್ಲ. ಆ ತಿಂಗಳ ದಿನದಿನದ ಕಡತಗಳಲ್ಲಿ ನಂಬರುಗಳನ್ನು ಬರೆದುಕೊಂಡೆ. ನಡುನಡುವೆ ಒಟ್ಟು ಒಂಬತ್ತು ನಂಬರ್ ಇರಲಿಲ್ಲ. ಆ ಒಂಬತ್ತೂ 2012ರ ಕಡತದಲ್ಲಿದ್ದವು, ಬಿಟ್ಟ ಜಾಗಕ್ಕೆ ಹಲ್ಲಿನಂತೆ ಕೂಡುತ್ತಿದ್ದವು.

ಎರಡನೇ ಸಾಕ್ಷಿ ವಿಂಡೋಸ್ ಕೊಟ್ಟಿತು. ವಿಂಡೋಸ್ ತನ್ನದೇ ಲಾಗ್ ಬರೆಯುತ್ತದೆ, ಅದನ್ನು ನೋಡುವ ಕಿಟಕಿಯ ಹೆಸರು ಇವೆಂಟ್ ವ್ಯೂವರ್. ಕಂಪ್ಯೂಟರನ್ನು ಸರಿಯಾಗಿ ಮುಚ್ಚಿದರೆ ಅಲ್ಲಿ 6006 ಎಂಬ ನಂಬರಿನ ಸಾಲು ಬೀಳುತ್ತದೆ. ಮುಚ್ಚದೆ ಕರೆಂಟ್ ಹೋದರೆ ಆ ಸಾಲು ಬರೆಯಲು ಅದಕ್ಕೆ ಪುರಸೊತ್ತೇ ಇರುವುದಿಲ್ಲ. ಮುಂದಿನ ಸಲ ಎದ್ದಾಗ, ‘ಹಿಂದಿನ ಸಲ ಇಂಥ ಹೊತ್ತಿಗೆ ಅನಿರೀಕ್ಷಿತವಾಗಿ ನಿಂತಿದ್ದೆ’ ಎಂದು 6008 ನಂಬರಿನ ಸಾಲು ಬರೆಯುತ್ತದೆ. ಯಾರಾದರೂ ಗಡಿಯಾರವನ್ನು ಕೈಯಿಂದ ತಿದ್ದಿದರೆ ಹಳೆಯ ಹೊತ್ತು, ಹೊಸ ಹೊತ್ತು ಎರಡನ್ನೂ ಬರೆದಿಡುತ್ತದೆ. ಒಂದು ಮಧ್ಯಾಹ್ನದ್ದು ಹೀಗಿತ್ತು: 14:08ಕ್ಕೆ ಸತ್ತಿದೆ, 2012ರಲ್ಲಿ ಎದ್ದಿದೆ, ನಡುವೆ ಎರಡು ಬಿಲ್, ಆಮೇಲೆ ಯಾರೋ ಗಡಿಯಾರವನ್ನು 2012ರಿಂದ ಆ ದಿನದ 15:20ಕ್ಕೆ ತಂದಿದ್ದಾರೆ.

ಮೂರನೆಯದನ್ನು ತಂದವರು ಅಬ್ಬಾ. ಪಕ್ಕದ ಮಗ್ಗದ ಶೆಡ್ಡಿನಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಪೆನ್ಸಿಲಿನಲ್ಲಿ ಬರೆದಿಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಮಗ್ಗ ಎಷ್ಟು ಹೊತ್ತು ನಿಂತಿತು ಎಂಬುದು ಅಲ್ಲಿಯ ಲೆಕ್ಕಕ್ಕೆ ಬೇಕು. ಆ ದಿನದ ಚೌಕದಲ್ಲಿ ಎರಡು ಗಂಟೆ ಹತ್ತು ನಿಮಿಷ ಎಂದಿತ್ತು. ಪೆನ್ಸಿಲಿನ ಲಾಗ್. ಯಂತ್ರದ ಲಾಗಿಗೂ ಅದಕ್ಕೂ ಎರಡು ನಿಮಿಷದ ವ್ಯತ್ಯಾಸ, ಅಷ್ಟು ಬಿಡಿ.

ಒಂಬತ್ತು ಬಿಲ್ಲುಗಳಲ್ಲಿ ಒಟ್ಟು 36 ಸೀರೆ. ಸಾವ್ಕಾರರು ಒಬ್ಬೊಬ್ಬ ಪಾರ್ಟಿಗೂ ಅಲ್ಲೇ ಕೂತು ಫೋನ್ ಮಾಡಿದರು. ಮುಧೋಳದವರು ತಮ್ಮ ಫೈಲ್ ತೆಗೆದು ನೋಡಿ, ‘ಐತ್ರೀ ಬಿಲ್, ಆರ್ ಸೀರಿ. ಆದ್ರ ತಾರೀಖ 2012 ಅಂತ ಐತಲ್ರೀ?’ ಎಂದು ನಕ್ಕರು. ಪ್ರಿಂಟಾದ ಬಿಲ್ಲಿನ ಮೂಲೆಯಲ್ಲಿ ತಪ್ಪು ತಾರೀಖು ಅಷ್ಟು ದಿನ ಕಣ್ಣೆದುರಿಗೇ ಇತ್ತು. ಉಳಿದ ಎರಡು ಸೀರೆ ತೇರದಾಳದ ಅಂಗಡಿಯವರಿಗೆ ಮಾದರಿ ಎಂದು ಕೊಟ್ಟವು. ಭಾಯಿ ತನ್ನ ಸಣ್ಣ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದಿದ್ದ. ನೋಟ್‌ಬುಕ್ ಗಲ್ಲಾಪೆಟ್ಟಿಗೆಯ ಡ್ರಾವರಿನಲ್ಲೇ ಇತ್ತು.

ಸಾವ್ಕಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಂಗಾದ್ರ ತಾರೀಖ ನೋಡ್ಲಿಲ್ಲಲ್ಲ, ಅದು ಅವನ ತಪ್ಪಲ್ಲೇನವಾ?’ ಎಂದರು.

‘ತಾರೀಖ ನೋಡದ ಇರೂದು ಬ್ಯಾರೆ ರೀ, ಸೀರಿ ಒಯ್ಯೂದು ಬ್ಯಾರೆ,’ ಎಂದೆ. ಅಬ್ಬಾ ನನ್ನ ಕಡೆ ನೋಡಿದರು, ಆದರೆ ತಡೆಯಲಿಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ಆ ಅರ್ಧ ದಿನದಲ್ಲಿ ಯಾವ ಅಂಗಡಿಯವರು ಎಷ್ಟು ಬಾಕಿ ಇದ್ದಾರೆ, ಯಾರಿಗೆ ಎಷ್ಟು ದರ ಎಂಬುದೆಲ್ಲ ನನ್ನ ಕಣ್ಣಿಗೆ ಬಿತ್ತು. ಲಾಗ್ ಓದುವವರಿಗೆ ಇದು ತಪ್ಪಿದ್ದಲ್ಲ. ಅದು ನಮ್ಮ ಕೈಗೆ ಬಂದ ಅಮಾನತ್ತು, ಆಚೆ ಆಡುವ ಹಾಗಿಲ್ಲ. ಸಾಫ್ಟ್‌ವೇರ್ ಬರೆಯುವವರು ಲಾಗಿಗೆ ಏನನ್ನು ಬರೆಯಬಾರದು ಎಂದೂ ಯೋಚಿಸಬೇಕು. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿ ಎಂದು ಹೇಳಬೇಕಾಯಿತು. ಪಾಸ್‌ವರ್ಡುಗಳು ಮರೆಮಾಚದೆ ಹಾಗೇ ಒಳಗಿನ ಲಾಗೊಂದರಲ್ಲಿ ಬರೆದುಕೊಂಡುಬಿಟ್ಟಿದ್ದವು. ನೀವು ಪ್ರಾಜೆಕ್ಟ್ ಮಾಡುವಾಗ ಆಧಾರ್ ನಂಬರ್, ಪಾಸ್‌ವರ್ಡ್, ಒಟಿಪಿ ಇವನ್ನು ಲಾಗಿಗೆ ಹಾಕಬೇಡಿ. ಪ್ರಿಂಟ್ ಹಾಕುವ ಅಭ್ಯಾಸದಲ್ಲಿ ಇದು ತಿಳಿಯದೇ ಆಗಿಬಿಡುತ್ತದೆ.

ಸೆಲ್ ಬದಲಿಸಲು ಐದು ನಿಮಿಷ ಹಿಡಿಯಿತು. ಜಮಖಂಡಿಯಿಂದ ತಂದ ಹೊಸ ಸೆಲ್ಲಿನ ಬೆಲೆ ನಾವು ಕುಡಿದ ಚಹಾಗಳಷ್ಟೂ ಆಗಲಿಲ್ಲ. ಲ್ಯಾಬಿನಲ್ಲಿ ನಿಮ್ಮ ಕಂಪ್ಯೂಟರ್ ಪ್ರತಿ ಸಲ ತಪ್ಪು ತಾರೀಖು ತೋರಿಸುತ್ತಿದ್ದರೆ ಸುಮ್ಮನೆ ತಿದ್ದಿ ಕೂರಬೇಡಿ, ಲ್ಯಾಬಿನ ಸರ್ ಅವರಿಗೆ ಹೇಳಿ.

ಸಾವ್ಕಾರರು ಆ ಸಂಜೆಯೇ ಬೀಳಗಿಗೆ ಫೋನ್ ಮಾಡಿ ಖಾಲಾ ಹತ್ತಿರ ಮಾತಾಡಿದರು. ಮರುವಾರ ತಾವೇ ಮನೆಗೆ ಹೋಗಿ ಕೂತು ಬಂದರು. ನಾಲ್ಕು ಜನ ನೋಡುವ ಹಾಗೆ ಹಗಲು ಹೊತ್ತಿನಲ್ಲೇ ಹೋದರು, ಅದನ್ನು ಖಾಲಾ ಈಗಲೂ ನೆನೆಯುತ್ತಾರೆ. ಭಾಯಿ ಮಾತ್ರ ಆ ಅಂಗಡಿಗೆ ಮತ್ತೆ ಹೋಗಲಿಲ್ಲ. ಸಿಟ್ಟಿನಿಂದಲ್ಲ, ಗೋದಾಮಿನ ಕೀಲಿ ಹಿಡಿಯಲು ಇನ್ನು ಮನಸ್ಸಾಗುವುದಿಲ್ಲ ಎಂದ. ಈಗ ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಕಾಟಾದ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿರುವಾಗ ಏನಾದರೂ ಕೈಕೊಟ್ಟರೆ ರಾತ್ರಿ ಎಷ್ಟು ಹೊತ್ತಾದರೂ ನನಗೆ ಫೋನ್ ಬರುತ್ತದೆ. ಸಲಾಮ್ ಆದ ಕೂಡಲೇ ಅವನ ಮೊದಲ ಮಾತು, ‘ತಾರೀಖು ನೋಡಿದೆ, ಸರಿ ಇದೆ. ಕೊನೆಯ ಇಪ್ಪತ್ತು ಸಾಲಿನ ಫೋಟೋ ಕಳಿಸಿದ್ದೇನೆ, ನೋಡು.’